ಕುಲುಕದ ಕೈ

ಹೆಡ್‌ಮಿಸ್ಟ್ರೆಸ್ ಪ್ರಿಸಿಲ್ಲಾ ಪಕ್ಕದವರ ಕೈ ಕುಲುಕಿದರೆ ಮಾತ್ರ, ಮಾತಿಲ್ಲದೆ ಕೂತು ಪ್ರಾರ್ಥಿಸುವ ಕ್ರೈಸ್ತ ಪಂಥದವರಾದ ಕ್ವೇಕರರ ಆ ಶಾಲೆಯಲ್ಲಿ ಮೌನಸಭೆ ಮುಗಿಯುವುದು. ಆದರೆ ಅವಳ ಬಲತೋಳಿಗೇ ಒರಗಿ ಪುಟ್ಟ ಟೆಸ್ ನಿದ್ದೆಹೋಗಿದ್ದಳು. ಅಪ್ಪನನ್ನು ಮಣ್ಣುಮಾಡಿ ಬಂದ ಮೇಲೆ ಅವಳಿಗೆ ನಿದ್ದೆ ಹತ್ತಿದ್ದು ಇದೇ ಮೊದಲು. ಕಿಟಕಿಯ ಬಿಸಿಲು ಬೆಂಚಿನಿಂದ ಬೆಂಚಿಗೆ ತೇಲುತ್ತ ಹೋಯಿತು. ಸೂಪಿನ ಘಮ ಬಾಗಿಲವರೆಗೆ ಬಂದು, ಕಾದು ಕಾದು ತಣ್ಣಗಾಯಿತು.

"ಪ್ರಿಸಿಲ್ಲಾ, ಹೊಟ್ಟೆ ತಾಳ ಹಾಕ್ತಿದೆ," ಹಿಂದಿನ ಬೆಂಚಿನ ವಿದ್ಯಾರ್ಥಿನಿ ಮಾಬೆಲ್ ಪಿಸುಗುಟ್ಟಿದಳು; ಹೆಡ್‌ಮಿಸ್ಟ್ರೆಸ್ಸನ್ನೂ ಹೆಸರು ಹಿಡಿದೇ ಕರೆಯುವುದು ಅಲ್ಲಿನ ರೂಢಿ.

"ಅದಕ್ಕೂ ಸ್ವಲ್ಪ ಮೌನ ಕಲಿಸಮ್ಮ."

ಟೆಸ್ ಬೆಚ್ಚಿ ಕಣ್ಣುಬಿಟ್ಟಳು. "ಅಯ್ಯೋ, ಮುಗೀತಾ?"

ಜೀವ ಹೋದರೂ ಸುಳ್ಳಾಡಬಾರದೆಂದು ಮಕ್ಕಳಿಗೆ ಕಲಿಸುತ್ತ ಬಂದ ಪ್ರಿಸಿಲ್ಲಾ ಅವಳ ತಲೆ ಸವರಿದಳು. "ಇಲ್ಲ ಮರಿ, ಈಗ ತಾನೇ ಶುರುವಾಯ್ತು. ಮಲಗು."

ಇಡೀ ಶಾಲೆಗೆ ಅದು ಕೇಳಿಸಿತು. ಎಲ್ಲರಿಗಿಂತ ಮೊದಲು ಮತ್ತೆ ಕಣ್ಣು ಮುಚ್ಚಿದವಳು ಮಾಬೆಲ್.