ಕೆರೆ ಆರಿಸಿದ ಅಧ್ಯಕ್ಷೆ

ಕೆರೆಗಳು ತಮ್ಮ ಅಧ್ಯಕ್ಷರನ್ನು ತಾವೇ ಆರಿಸಿಕೊಳ್ಳುವ ಕಾನೂನು ಬಂದು ಹನ್ನೊಂದು ವರ್ಷವಾಗಿತ್ತು. ನೀರಿಗಿಳಿದವರಲ್ಲಿ ಯಾರ ಮೇಲೆ ಕೆಂಪು-ನೀಲಿ ಏರೋಪ್ಲೇನ್ ಚಿಟ್ಟೆ ನೂರು ಎಣಿಸುವಷ್ಟು ಹೊತ್ತು ಕೂರುತ್ತದೋ ಅವರದೇ ಗೆಲುವು. ಗೆದ್ದರೆ ಕೆರೆಯಲ್ಲಿ ಆಳೆತ್ತರ ಬೆಳೆದ ಆಪುಹುಲ್ಲನ್ನೆಲ್ಲ ಸುಡಿಸುತ್ತೇನೆಂದಿದ್ದ ನಿಂಗನಗೌಡರು ಮೊಣಕಾಲುದ್ದ ನೀರಿನಲ್ಲಿ ಕೈಚಾಚಿ ನಿಂತಿದ್ದರು. ಸುಡುವ ಮೊದಲು ಒಂದು ಹೊರೆಯಾದರೂ ಸಿಗಲೆಂದು ಚಾಪೆ ಹೆಣೆಯುವ ಫಕೀರವ್ವ ಅಲ್ಲೇ ಆಚೆ, ಕೆರೆಯೊಳಗೇ ನಿಂತು ಆಪು ಕೊಯ್ಯುತ್ತಿದ್ದಳು. ಗೌಡರ ಬೆರಳನ್ನು ಎರಡು ಸುತ್ತು ಹಾಕಿದ ಚಿಟ್ಟೆ ನೆಟ್ಟಗೆ ಬಂದು ಅವಳ ಮೂಗಿನ ಮೇಲೆ ಕೂತಿತು.

"ಅಳ್ಳಾಡಬ್ಯಾಡ ಯವ್ವಾ!" ಎಂದು ದಂಡೆಯಿಂದ ಕೂಗಿದ ಚುನಾವಣಾಧಿಕಾರಿ ಎಣಿಸತೊಡಗಿದರು.

ಎಂಬತ್ತು ಎನ್ನುವಾಗ ಅವಳಿಗೆ ಸೀನು ಬಂತು. ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ಬಂದರೂ ತಡೆದಳು.

"ನೂರು!"

ಫಕೀರವ್ವ ಸೀನಿದ ಸದ್ದಿಗೆ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

"ಆಪಿಗೆ ಯಾರೂ ಬೆಂಕಿ ಹಚ್ಚಂಗಿಲ್ಲ," ಎಂದಳು ಹೊಸ ಅಧ್ಯಕ್ಷೆ, ಮೂಗು ಒರೆಸಿಕೊಳ್ಳುತ್ತ. "ಗೌಡ್ರ, ಇನ್ನ ಮ್ಯಾಲ ಬರ್ರಿ, ಥಂಡಿ ಆದೀತು."