ಬುದ್ಧಿ ಕಲಿಸುವ ಉಡುಗೊರೆ

ತಂಗಿಯ ಮಗಳು ಶ್ಯಾಮಲಿ ಕಾರ್ ರೇಸಿನ ತರಬೇತಿಗೆ ಸೇರಲು ಹೊರಟಿದ್ದಾಳೆಂದು ಕೇಳಿದಂದಿನಿಂದ ನಿವೃತ್ತ ಹೆಡ್‌ಮಾಸ್ತರ್ ವಾಸುದೇವಯ್ಯನವರಿಗೆ ಮೈ ಉರಿಯುತ್ತಿತ್ತು. ಮನುಷ್ಯರು ಗೋಡೆಗೆ ಗುದ್ದಿಕೊಂಡು ಸಾಯುವುದನ್ನು ಟಿಕೆಟ್ಟು ಕೊಂಡು ನೋಡುವ ಜನರಿಗೆ ನಾಚಿಕೆಯಾದರೂ ಬೇಡವೇ? ಹುಡುಗಿಯ ಹುಟ್ಟುಹಬ್ಬದ ದಿನ ಅವರು ಡಿವಿಡಿ ಅಂಗಡಿಯ ಮೆಟ್ಟಿಲು ಹತ್ತಿದರು.

"ರೇಸ್ ಹುಚ್ಚಿರೋರಿಗೆ ಕೊಡೋಕಾ ಸಾರ್? ಇದು ತಗೊಳ್ಳಿ, ಬಡವರ ಹುಡುಗ ಕಪ್ ಗೆಲ್ಲೋ ಸಿನಿಮಾ," ಎಂದ ಅಂಗಡಿಯವನು.

"ಗೆಲ್ಲೋದು ಬೇಡಪ್ಪ. ನಿಜವಾದ ಅಪಘಾತಗಳೇ ಇರೋ ಸಾಕ್ಷ್ಯಚಿತ್ರ ಕೊಡು."

"ಹುಟ್ಟುಹಬ್ಬಕ್ಕೆ ಅಂದ್ರಲ್ಲಾ ಸಾರ್!"

"ಅದಕ್ಕೇ."

ಉಡುಗೊರೆ ಬಿಚ್ಚಿದ ಶ್ಯಾಮಲಿ ಕುಣಿದಾಡಿದಳು. "ರೇಸಿನ ಡಿವಿಡಿ! ಹಾಗಾದ್ರೆ ನೀವು ಒಪ್ಪಿದ್ರಾ ಮಾವ?"

"ಮೊದಲು ನೋಡು."

ಎಲ್ಲರೂ ಟಿವಿಯ ಮುಂದೆ ಕುಳಿತರು. ಕಾರೊಂದು ತಿರುವಿನಲ್ಲಿ ಮಗುಚಿ, ಗಾಳಿಯಲ್ಲೇ ಉರುಳಿ, ಗೋಡೆಗೆ ಬಡಿದು ಹೊತ್ತಿಕೊಂಡಿತು. ಬೆಂಕಿಯೊಳಗಿಂದ ಚಾಲಕನ ಒಂದು ಕೈ ಅಲ್ಲಾಡುತ್ತಿತ್ತು. ಶ್ಯಾಮಲಿ ಮುಖ ಮುಚ್ಚಿಕೊಂಡಳು.

"ಆರಿಸಿ ಮಾವ, ಸಾಕು. ನಾನು ಸೇರಲ್ಲ. ಅಮ್ಮನಾಣೆಗೂ ಸೇರಲ್ಲ."

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮಗಳನ್ನ ಉಳಿಸಿಕೊಟ್ಟೆ ಅಣ್ಣಾ. ಇನ್ನು ಆರಿಸಿಬಿಡು, ಪಾಯಸ ಬಡಿಸ್ತೀನಿ."

ರಿಮೋಟು ವಾಸುದೇವಯ್ಯನವರ ಕೈಯಲ್ಲೇ ಇತ್ತು. ಅವರು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.

"ತಾಳೇ, ಇನ್ನೊಂದು ಸಲ ಹಾಕ್ತೀನಿ. ಗೋಡೆಗೆ ಬಡಿಯೋದು ಸರಿಯಾಗಿ ಕಾಣಲೇ ಇಲ್ಲ."