ಏರಿನಲ್ಲಿ ಬಡಿಯುವ ಸದ್ದು

"ಇದಕ್ಕೆ ಯಾವ ಪೆಟ್ರೋಲ್ ಹಾಕ್ಲಿ? ತೊಂಬತ್ತೊಂದೋ, ತೊಂಬತ್ತೈದೋ?" ಎಂದು ಉಸ್ತಾದ್ ಕೇಳಿದಾಗ ಮೆಕ್ಯಾನಿಕ್‌ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಕೇಳಿದವರು ದಾರಿಹೋಕರಲ್ಲ. ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಇಂಜಿನ್ ಬಿಚ್ಚಿ ಜೋಡಿಸುವ ತನಕ ಇವನಿಗೆ ಎಲ್ಲವನ್ನೂ ಕಲಿಸಿದವರು. ಇಪ್ಪತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ದಕ್ಕೆ ಗಿರಾಕಿಗಳ ಎದುರೇ ಇವನ ತಲೆಗೆ ಮೊಟಕಿದ್ದರು. ಬಂಕಿನ ಬೋರ್ಡ್ ಓದಿ ಪೆಟ್ರೋಲ್ ಹಾಕಬೇಡ, ಇಂಜಿನ್ನನ್ನೇ ಕೇಳು ಅಂದಿದ್ದರು. ಆಮೇಲೆ ಕೇಳುವುದು ಹೇಗೆಂದು ತೋರಿಸಿಯೂ ಕೊಟ್ಟರು ಅನ್ನಿ. ತೊಂಬತ್ತೊಂದರಂಥ ಕಡಿಮೆ ನಂಬರಿನ ಪೆಟ್ರೋಲ್ ತುಂಬಿಸಿ, ಮೇಲಿನ ಗೇರಿನಲ್ಲಿ ಏರು ಹತ್ತಿಸಬೇಕು. ಇಂಜಿನ್ ತೆಪ್ಪಗಿದ್ದರೆ ಅದೇ ಸಾಕು. ಡಬ್ಬಿಯೊಳಗೆ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂತೆ ಬಡಿತ ಕೇಳಿದರೆ ಹೆಚ್ಚಿನ ನಂಬರ್ ಬೇಕು. ಗ್ಯಾರೇಜನ್ನು ಈ ಏರಿನ ಬುಡದಲ್ಲೇ ಹಾಕು ಎಂದು ಹೇಳಿದವರೂ ಅವರೇ.

ಈಗ ಅವರೇ ಬಂದು ನಿಂತಿದ್ದರು. ಅವರು ತಂದಿದ್ದ ಬೈಕಿಗೆ ಹೆಚ್ಚುಕಡಿಮೆ ಮೆಕ್ಯಾನಿಕ್‌ನಷ್ಟೇ ವಯಸ್ಸು. ಹಳೆಯ ಪಿಸ್ಟನ್ ಎಲ್ಲೂ ಸಿಗಲಿಲ್ಲ, ಬೇರೆ ಬೈಕಿನದು, ತಲೆ ಉಬ್ಬಿದ್ದೊಂದನ್ನು ಮನೆಯಲ್ಲೇ ಕೂರಿಸಿದ್ದೇನೆ, ಟ್ಯಾಂಕಿನಲ್ಲಿ ಸದ್ಯ ತೊಂಬತ್ತೊಂದಿದೆ ಎಂದು ಉಸ್ತಾದ್ ವಿವರಿಸಿದರು. ಅಷ್ಟು ಸಾಕಿತ್ತು. ತಲೆ ಉಬ್ಬಿದ ಪಿಸ್ಟನ್ ಎಂದರೆ ಒಳಗೆ ಒತ್ತಡ ಜಾಸ್ತಿ, ಸಾದಾ ಪೆಟ್ರೋಲ್ ತಡೆಯುವುದು ಅನುಮಾನ. ತಾನೇ ಬೈಕ್ ತಗೊಂಡು ಒಂದು ಸಲ ಏರು ಹತ್ತಿ ಬಂದಿದ್ದರೆ ಐದು ನಿಮಿಷದ ಕೆಲಸ. ಆದರೆ ಬೆಂಚಿನ ಮೇಲೆ ಸ್ಕೂಟರ್ ರಿಪೇರಿಗೆ ಬಂದ ನರ್ಸ್ ಒಬ್ಬಳು, ಒಬ್ಬ ಟ್ಯಾಕ್ಸಿ ಡ್ರೈವರ್ ಕೂತಿದ್ದರು. ಮೆಕ್ಯಾನಿಕ್‌ನ ನಾಲಿಗೆ ತುರಿಸಿತು.

"ನೀವೇ ಹೇಳ್ಕೊಟ್ಟಿದ್ದಲ್ವಾ ಉಸ್ತಾದ್? ನನ್ನನ್ಯಾಕೆ ಕೇಳ್ತೀರಿ, ಇಂಜಿನ್ನನ್ನೇ ಕೇಳಿ," ಎಂದ, ಬೆಂಚಿನ ಕಡೆ ತಿರುಗಿ.

ಡ್ರೈವರ್ ಕಿಸಕ್ಕೆಂದ. ಉಸ್ತಾದ್ ಇವನ ಮುಖವನ್ನೇ ದಿಟ್ಟಿಸುತ್ತಿದ್ದರು. ಹಳೆಯ ಗತ್ತು ಇನ್ನೂ ಇಳಿದಿಲ್ಲ ಎಂದುಕೊಂಡ ಮೆಕ್ಯಾನಿಕ್. "ಏನಂದೆ?" ಎಂದರು ಅವರು. ಇವನು ಬಗ್ಗಿ, ಮುಖದ ಹತ್ತಿರ ಮುಖ ತಂದು, ಮಗುವಿಗೆ ಪಾಠ ಹೇಳುವಂತೆ ಒಂದೊಂದೇ ಮಾತು ಬಿಡಿಸಿ ಮತ್ತೆ ಹೇಳಿದ. ಈ ಸಲ ನರ್ಸ್ ಕೂಡ ನಕ್ಕಳು. ಉಸ್ತಾದ್ ಬೆಂಚಿನ ಕಡೆ ನೋಡಿ ತಾವೂ ಒಂದಿಷ್ಟು ನಕ್ಕರು, ಸರಿ ಎಂದರು, ಮೂರನೇ ಕಿಕ್ಕಿಗೆ ಬೈಕ್ ಎಬ್ಬಿಸಿ ಹೊರಟರು.

ಏರಿನ ಅರ್ಧ ದಾರಿಯಲ್ಲಿ ಸದ್ದು ಶುರುವಾಯಿತು. ಕಲ್ಲು ತುಂಬಿದ ಡಬ್ಬಿಯನ್ನು ಯಾರೋ ಸಿಟ್ಟಿನಿಂದ ಕುಲುಕಿದಂತೆ. ಬೆಂಚಿನವರೆಗೂ ಚೆನ್ನಾಗಿ ಕೇಳಿಸುತ್ತಿತ್ತು. ಉಸ್ತಾದ್ ಮಾತ್ರ ಗೇರ್ ಇಳಿಸಲಿಲ್ಲ, ವೇಗ ತಗ್ಗಿಸಲಿಲ್ಲ. ಎಡಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಊರಿ ಹತ್ತುತ್ತಿದ್ದರು.

"ಒಂದೇ ಕೈಲಿ ಓಡಿಸ್ತಿದಾರೆ, ಶೋಕಿ ನೋಡಿ ಮುದುಕಪ್ಪಂದು," ಎಂದ ಡ್ರೈವರ್.

ನರ್ಸ್ ಈಗ ನಗುತ್ತಿರಲಿಲ್ಲ. "ಅವರು ಆಗ್ಲಿಂದ ನಿಮ್ಮ ತುಟಿ ನೋಡ್ತಿದ್ರು. ಅವರಿಗೆ ಕಿವಿ ಕೇಳಲ್ಲ ಅನ್ಸುತ್ತೆ," ಎಂದಳು.

ಮೆಕ್ಯಾನಿಕ್ ಮತ್ತೆ ಏರಿನ ಕಡೆ ನೋಡಿದ. ಉಸ್ತಾದ್ ಅಂಗೈಯಲ್ಲಿ ಹುಡುಕುತ್ತಿದ್ದಾರೆ, ಕಿವಿಗೆ ಸಿಗದ ಬಡಿತವನ್ನು. ಹೀಗೇ ಬಡಿಯುತ್ತಾ ಹೋದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ, ಇಂಥದ್ದು ಇನ್ನೊಂದು ಸಿಗುವುದಿಲ್ಲ. ಸ್ಪ್ಯಾನರ್ ಎಸೆದು ಓಡಿದ. ಹೊಟ್ಟೆ ಬಂದ ಮೇಲೆ ಅವನು ಹಾಗೆ ಓಡಿದ್ದಿಲ್ಲ.

ಉಸ್ತಾದ್ ಏರಿನ ತುದಿಯಲ್ಲಿ ಇಂಜಿನ್ ಆರಿಸಿ ಕೂತಿದ್ದರು. ಅಂಗೈ ಇನ್ನೂ ಟ್ಯಾಂಕಿನ ಮೇಲೇ ಇತ್ತು. ಏದುಸಿರು ಬಿಡುತ್ತಾ ಬಂದವನನ್ನು ಕಂಡು, "ಬಡೀತಾ?" ಎಂದರು.

ಅವನು ಹೌದೆಂದು ತಲೆಯಾಡಿಸಿದ. ಆಮೇಲೆ, ತನ್ನದು ತಪ್ಪಾಯಿತು ಎಂದು ತನ್ನ ಚಪ್ಪಲಿಗೆ ಹೇಳಿದ.

"ನೆಲ ನೋಡ್ಕೊಂಡು ಮಾತಾಡಿದ್ರೆ ನಂಗೆ ಗೊತ್ತಾಗಲ್ಲ ಕಣೋ. ಬರ್ಕೊಡು," ಎಂದು ಉಸ್ತಾದ್ ಅಂಗಿ ಜೇಬಿನಿಂದ ಪುಟ್ಟ ಪುಸ್ತಕ, ಮೊಂಡು ಪೆನ್ಸಿಲ್ ತೆಗೆದುಕೊಟ್ಟರು.

ಪುಸ್ತಕದ ತುಂಬ ಬೇರೆ ಬೇರೆಯವರ ಕೈಬರಹ. 'ನಾಳೆ ಬನ್ನಿ, ಡಾಕ್ಟರ್ ಇಲ್ಲ.' 'ಅಪ್ಪ, ಹಿಂದಿನ ಬಾಗಿಲು ತೆಗೆದಿತ್ತು.' 'ಆ ಪಿಸ್ಟನ್ ಈಗ ಬರೋದಿಲ್ಲ.' ಎಷ್ಟೋ ತಿಂಗಳ ಮಾತುಗಳು, ಒಂದೂ ಇವನದಲ್ಲ. ಖಾಲಿ ಹಾಳೆ ಹುಡುಕಿ ಮೆಕ್ಯಾನಿಕ್ 95 ಎಂದು ಬರೆದ. ತಪ್ಪಾಯಿತು ಎಂದು ಬರೆಯಲು ಕೆಳಗಿನ ಗೆರೆಗೆ ಪೆನ್ಸಿಲ್ ಊರಿದ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಇದು ಹೋಗುವುದಿಲ್ಲ, ಉಳಿಯುತ್ತದೆ, ಮನೆಯಲ್ಲಿ ಉಸ್ತಾದರ ಮಗಳು ಓದುತ್ತಾಳೆ. ಪೆನ್ಸಿಲ್ ಊರಿದ ಕಡೆ ಕಪ್ಪು ಚುಕ್ಕೆಯೊಂದು ದಪ್ಪಗಾಯಿತು. ಅವನು ಪುಸ್ತಕ ಮುಚ್ಚಿ ಕೊಟ್ಟುಬಿಟ್ಟ.

ಉಸ್ತಾದ್ ಹಾಳೆ ತೆರೆದು ನೋಡಿದರು. ನಂಬರನ್ನು, ಅದರ ಕೆಳಗಿನ ಚುಕ್ಕೆಯನ್ನು, ಆಮೇಲೆ ಇವನ ಮುಖವನ್ನು.

"ಒಂದು ನಂಬರ್ ಬರಿಯೋಕೆ ಇಷ್ಟು ಹೊತ್ತಾ?" ಎಂದರು.